ಪರದೆಯ ಹಿಂದೆ ಕೂತು ಓದುವ ಕುಮ್ರಿ

ಕೋಕಂದಿನ ಹಳೇ ಪೇಟೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೆಂಗಸರ ಕ್ಲಬ್ಬಿನ ಹಿಂದಿನ ಕಾಲುವೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಕುಮ್ರಿಯಕ್ಕ ಒಂದು ಭಾರಿ ಬಿಳಿ ಬಟ್ಟೆಯನ್ನು ಒಗೆಯುತ್ತಿದ್ದಾರೆ. ಬೆಟ್ಟದ ಹಿಮ ಕರಗಿ ಬಂದ ಏಪ್ರಿಲ್ ತಿಂಗಳ ನೀರು. ಪತ್ರಿಕೆಗೆ ಬರೆಯಲೆಂದು ಬಂದು ದಡದಲ್ಲಿ ಸುಮ್ಮನೆ ನಿಂತ ನನಗೇ ನಡುಕ ಬರುತ್ತಿದೆ. ಅವರಿಗೆ ಅದರ ಪರಿವೆಯೇ ಇಲ್ಲ. ಬಟ್ಟೆಯ ನಡುವಿನ ಒಂದು ಜಿಡ್ಡಿನ ಕಲೆಗೆ ಬೂದಿ ಹಚ್ಚಿ ಉಜ್ಜಿಯೇ ಉಜ್ಜುತ್ತಾರೆ.

“ಇದು ನಮ್ಮತ್ತೆ ಕೈ,” ಎಂದು ಕಲೆಯನ್ನು ನನ್ನ ಕಡೆ ಎತ್ತಿ ತೋರಿಸುತ್ತಾರೆ. “ಪ್ರತಿ ಶುಕ್ರವಾರ ಮೂರನೇ ಸುರುಳಿಗೆ ಸರಿಯಾಗಿ ಎದ್ದು ಬರ್ತಾರೆ. ಗ್ರೂಶಾ ಮಗು ಹಸ್ಕೊಂಡು ಅಳುತ್ತಲ್ಲ, ಅದಕ್ಕೆ ರೊಟ್ಟಿ ಚಾಚ್ತಾರೆ. ಅದೂ ಕುರಿಕೊಬ್ಬು ಸವರಿದ ರೊಟ್ಟಿ, ತಂದು ಬಟ್ಟೆಗೆ ಒತ್ತಿ ಹಿಡೀತಾರೆ. ‘ಅತ್ತೆ, ಅದು ಚಿತ್ರ’ ಅಂದ್ರೆ, ‘ಚಿತ್ರಕ್ಕೆ ಹೊಟ್ಟೆ ಇಲ್ವೇನೇ’ ಅಂತ ನಂಗೇ ಗದರ್ತಾರೆ.”

ಈ ಬಟ್ಟೆ ಕ್ಲಬ್ಬಿನ ಸಿನಿಮಾ ಪರದೆ. ಒಂಬತ್ತು ಮೊಳ ಅಗಲ, ಏಳು ಮೊಳ ಎತ್ತರ, ಹದಿನಾಲ್ಕು ತೇಪೆ. ಶುಕ್ರವಾರ ಹೊತ್ತು ಮೂಡುವ ಮುಂಚೆ ಇದನ್ನು ಒಗೆದು, ಹಿಪ್ಪುನೇರಳೆ ಮರಗಳ ನಡುವೆ ಹರವಿ, ಹರಿದಲ್ಲಿ ಹೊಲಿದು, ಮಧ್ಯಾಹ್ನದ ಹೊತ್ತಿಗೆ ಹಜಾರದ ತೊಲೆಗೆ ಕಟ್ಟುವುದು ಕುಮ್ರಿಯಕ್ಕನ ಕೆಲಸ. ಆಮೇಲೆ ಕಿಟಕಿಗಳಿಗೆಲ್ಲ ಕೌದಿ ಕಟ್ಟಿ ಕತ್ತಲು ಮಾಡಬೇಕು. ಬೆಳಕು ಆಚೆಯಿಂದ ಈಚೆಗೆ ಚೆನ್ನಾಗಿ ಹಾಯಲಿ ಎಂದು ಪರದೆಗೆ ಎರಡು ಬಿಂದಿಗೆ ನೀರು ಎರಚಬೇಕು. ಇಷ್ಟೆಲ್ಲ ಮಾಡಿದ ಮೇಲೆ ಶುರುವಾಗುವುದು ಅವರ ನಿಜವಾದ ಕೆಲಸ. ಅದನ್ನು ಕಣ್ಣಾರೆ ಕಂಡವರು ಈ ಊರಿನಲ್ಲಿ ಯಾರೂ ಇಲ್ಲ, ಕೇಳದ ಹೆಂಗಸೂ ಇಲ್ಲ.

ಅವರು ಪರದೆಯ ಹಿಂದೆ ಕೂತು ಓದುತ್ತಾರೆ. ಮೂಕಿ ಚಿತ್ರದಲ್ಲಿ ಮಾತೆಲ್ಲ ಬರಹದಲ್ಲಿ ಬರುತ್ತದೆ, ಅದೂ ರಷ್ಯನ್ ಬರಹದಲ್ಲಿ. ನೋಡಲು ಬರುವ ನೂರಾ ಅರವತ್ತು ಹೆಂಗಸರಲ್ಲಿ ನನ್ನನ್ನು ಬಿಟ್ಟರೆ ಅದನ್ನು ಓದಬಲ್ಲವರು ಒಬ್ಬರೂ ಇಲ್ಲ. ಬರಹ ಮೂಡಿದ ಕೂಡಲೇ ಕುಮ್ರಿಯಕ್ಕ ಅದನ್ನು ನಮ್ಮ ಮಾತಿಗೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಾರೆ. ಚಿತ್ರದ ನಾಯಕಿ ಗ್ರೂಶಾ ಬಾಯಿ ತೆರೆದರೆ ಕುಮ್ರಿಯಕ್ಕನ ದನಿ ಬರುತ್ತದೆ. ಗುಮಾಸ್ತನ ಮೀಸೆ ಅಲ್ಲಾಡಿದರೂ ಅವರದೇ ದನಿ, ಆದರೆ ಮೂಗಿನಲ್ಲಿ.

ಹಿಂದೆಯೇ ಏಕೆ ಕೂರಬೇಕು ಎಂದು ಕೇಳಿದರೆ ಅದು ಅತ್ತೆ ಇನೋಯತ್ ಬೂವಿಯ ಷರತ್ತು ಎನ್ನುತ್ತಾರೆ ಕುಮ್ರಿಯಕ್ಕ. ಹಜಾರದ ಹಿಂಗೋಡೆಯ ಆಚೆ ಮಿನ್ನುಲ್ಲಾ ಎಂಬ ತಾತಾರರ ಮುದುಕ ಯಂತ್ರ ತಿರುಗಿಸುತ್ತಾರೆ. ಗೋಡೆಯಲ್ಲಿ ಒಂದು ಕಿಂಡಿ. ಹೆಂಗಸರು ಮುಸುಕು ತೆಗೆದು ಕೂತರೂ ಎಲ್ಲರ ಬೆನ್ನು ಆ ಕಿಂಡಿಗೆ. ಓದುವವಳು ಜನರ ಮುಂದೆ ನಿಂತರೆ ಮಾತ್ರ ಮುಖ ಕಿಂಡಿಗೆ ಕಾಣುತ್ತದೆ.

“ಮಿನ್ನುಲ್ಲಾ ಅಣ್ಣಂಗೆ ಎಪ್ಪತ್ತಾಗಿದೆ ಅತ್ತೆ ಅಂದೆ,” ಎಂದು ಕುಮ್ರಿಯಕ್ಕ ನಗುತ್ತಾರೆ. “‘ಎಪ್ಪತ್ತಾದೋನಿಗೆ ಕಣ್ಣು ಕಿತ್ತು ಹಾಕಿರ್ತಾರಾ? ದನಿ ಬೇಕಾದ್ರೆ ಊರೆಲ್ಲ ಕೇಳ್ಲಿ, ಮುಖ ಬಟ್ಟೆ ಹಿಂದೇನೇ ಇರ್ಲಿ’ ಅಂದ್ರು. ಸರಿ, ಬಟ್ಟೆ ಹಿಂದೆ ಹೋಗಿ ಕೂತೆ. ಇವತ್ತಿಗೂ ಅಲ್ಲೇ ಇದೀನಿ.”

ಕುಮ್ರಿಯಕ್ಕನಿಗೆ ಮೂವತ್ತೆಂಟು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿಲ್ಲ. ಅತ್ತೆ ಸೊಸೆ ಇಬ್ಬರೇ ಕುಂಬಾರರ ಗಲ್ಲಿಯ ಒಂದು ಕೋಣೆಯಲ್ಲಿ ದಿನವಿಡೀ ಕಚ್ಚಾಡಿಕೊಂಡು, ಒಬ್ಬರನ್ನು ಬಿಟ್ಟು ಒಬ್ಬರು ಊಟ ಮಾಡದೆ ಇದ್ದಾರೆ. ಹುಡುಗಿಯಾಗಿದ್ದಾಗ ಹೊಸ ಪೇಟೆಯ ಒಬ್ಬ ರಷ್ಯನ್ ವೈದ್ಯರ ಮನೆಯಲ್ಲಿ ಏಳು ವರ್ಷ ಮಗು ಆಡಿಸಿದ್ದರು. ಆ ಭಾಷೆ ಕಿವಿಯಿಂದ ಬಂತು, ಅಕ್ಷರ ಬರಲಿಲ್ಲ. ಅಕ್ಷರ ಅಂತ ಕಲಿತದ್ದು ಗಲ್ಲಿಯ ಹಿರಿಯಮ್ಮನ ಹತ್ತಿರ, ಬಲದಿಂದ ಎಡಕ್ಕೆ ಓದುವ ಕುರಾನಿನ ಅಕ್ಷರ, ಅದೂ ಅರ್ಧಕ್ಕೆ ನಿಂತಿತು. ಗಂಡ ಸತ್ತ ಮೇಲೆ ರೇಷ್ಮೆಗೂಡು ಬೇಯಿಸುವ ಕೊಪ್ಪರಿಗೆಯ ಮುಂದೆ ಒಂಬತ್ತು ವರ್ಷ ಕಳೆದರು. ಕುದಿನೀರಿನಿಂದ ಎಳೆ ಹೆಕ್ಕಿ ಹೆಕ್ಕಿ ಬೆರಳ ತುದಿಗಳು ಇಂದಿಗೂ ಬಿಳಿಚಿಕೊಂಡು ಸುಕ್ಕುಗಟ್ಟಿವೆ.

“ಅಲ್ಲಿಗೆ ಮಾತ್ರ ವಾಪಸ್ ಹೋಗಲ್ಲ ತಂಗಿ,” ಎನ್ನುತ್ತಾರೆ. “ಬೇರೆ ಏನು ಬೇಕಾದ್ರೂ ಮಾಡ್ತೀನಿ. ಆ ವಾಸನೆ ಅನ್ನದಲ್ಲೂ ಬರ್ತಿತ್ತು.”

ಒಂದೂವರೆ ವರ್ಷದ ಹಿಂದೆ ಕ್ಲಬ್ಬು ತೆರೆದಾಗ ಓದುವ ಕೆಲಸ ಅವರದ್ದಾಗಿರಲಿಲ್ಲ. ಮಿನ್ನುಲ್ಲಾ ಕಿಂಡಿಯಲ್ಲಿ ಬಾಯಿಟ್ಟು ರಷ್ಯನ್ನಿನಲ್ಲಿ ಓದುತ್ತಿದ್ದರು, ಕುಮ್ರಿಯಕ್ಕ ಪರದೆಯ ಹಿಂದಿನಿಂದ ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತಿದ್ದರು. ಮುದುಕನ ದನಿ ಕೇಳುತ್ತಿದ್ದ ಹಾಗೆ ಇವರ ಕಣ್ಣು ಬಟ್ಟೆಯ ಮೇಲಿನ ಅಕ್ಷರಗಳ ಮೇಲೆ. ಯಾವ ಗೆರೆಗೆ ಯಾವ ಸದ್ದು ಎಂದು ಚಿತ್ರದಿಂದ ಚಿತ್ರಕ್ಕೆ ಹೊಂದಿಸುತ್ತ ಹೋದರು. ಯಾರೂ ಕಲಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಚಳಿಗಾಲದ ಒಂದು ಶುಕ್ರವಾರ ಮಿನ್ನುಲ್ಲಾಗೆ ಗಂಟಲು ಕಟ್ಟಿ ಒಂದು ಮಾತೂ ಹೊರಡಲಿಲ್ಲ. ಪರದೆಯ ಮೇಲೆ ಬರಹ ಮೂಡಿತು, ಕಿಂಡಿಯಿಂದ ಸದ್ದಿಲ್ಲ. ಆದರೂ ಪರದೆಯ ಹಿಂದಿನಿಂದ ಕುಮ್ರಿಯಕ್ಕನ ದನಿ ಎಂದಿನಂತೆ ಬಂತು, ಕೊನೆಯ ಸುರುಳಿಯವರೆಗೂ ಬಂತು.

“ನಾನು ಯಂತ್ರ ತಿರುಗಿಸೋದೇ ಮರೆತುಬಿಟ್ಟಿದ್ದೆ,” ಎಂದು ಮಿನ್ನುಲ್ಲಾ ಹೇಳುತ್ತಾರೆ. “ಒಂದು ಕ್ಷಣ ಗ್ರೂಶಾ ಕೈ ಎತ್ಕೊಂಡು ಹಾಗೇ ನಿಂತುಬಿಟ್ಳು. ಆವತ್ತಿಂದ ನಾನು ಬಾಯಿ ಮುಚ್ಕೊಂಡು ಚಹಾ ಕುಡೀತೀನಿ, ಆರಾಮ.”

ಗ್ರೂಶಾ ಯಾರೆಂದು ಈ ಊರಿನ ಹೆಂಗಸರಿಗೆ ಹೇಳಬೇಕಾಗಿಲ್ಲ, ನಮ್ಮ ಪತ್ರಿಕೆಯ ಪುರವಣಿ ಓದುವ ಗಂಡಸರಿಗಾಗಿ ಹೇಳುತ್ತೇನೆ. ಆಕೆ ಹಳ್ಳಿಯ ವಿಧವೆ. ಒಂದು ಪೆಟ್ಟಿಗೆ, ಒಂದು ಹೆಣ್ಣುಮಗುವಿನೊಂದಿಗೆ ಮಾಸ್ಕೋಗೆ ಬಂದು ಬಟ್ಟೆ ಒಗೆಯುವ ಕಾರ್ಖಾನೆಗೆ ಸೇರುತ್ತಾಳೆ. ಇರಲು ಒಂದು ಕೋಣೆ ಬೇಕು. ಕೋಣೆಗೆ ಕಾಗದ ಬೇಕು, ಆ ಕಾಗದಕ್ಕೆ ಇನ್ನೊಂದು ಕಾಗದ ಬೇಕು. ಹನ್ನೆರಡು ಮೇಜು ಅಲೆಯುತ್ತಾಳೆ. ಪ್ರತಿ ಮೇಜಿನಲ್ಲೂ ಒಬ್ಬ ಗುಮಾಸ್ತ ಏನೋ ಗೀಚುತ್ತಾನೆ, ಅವನ ಕೈಬರಹ ಪರದೆ ತುಂಬ ಕಾಣುತ್ತದೆ. ಕೊನೆಗೆ ಕಟ್ಟಡದ ಮೇಲ್ವಿಚಾರಕ ‘ನನ್ನನ್ನು ಮದುವೆಯಾಗು, ಕೋಣೆ ಸಿಕ್ಕಿತೆಂದೇ ತಿಳಿ’ ಎನ್ನುತ್ತಾನೆ. ಏಳು ಸುರುಳಿ, ನೂರಾ ಹದಿನೆಂಟು ಬರಹ. ಬೇರೆ ಎಷ್ಟೋ ಚಿತ್ರ ಬಂದು ಹೋದವು, ಹೆಂಗಸರು ಮೊದಲು ಗ್ರೂಶಾ ಹಾಕಿ ಎಂದು ಹಟ ಹಿಡಿಯುತ್ತಾರೆ. ಈವರೆಗೆ ನಲವತ್ತಾರು ಬಾರಿ ಆಗಿದೆ.

ನಲವತ್ತಾರನೇ ಬಾರಿಯೂ ಮೇಲ್ವಿಚಾರಕ ಮೀಸೆ ತಿರುವಿದ ಕೂಡಲೇ ಹಜಾರದಲ್ಲಿ ಗದ್ದಲವೇ ಗದ್ದಲ. “ಬೇಡ ಕಣೇ, ಅವನ ಕಣ್ಣು ನೋಡು.” “ಅಯ್ಯೋ, ಒಪ್ಕೊಳ್ಲಿ ಬಿಡ್ರೇ, ತಲೆ ಮೇಲೊಂದು ಸೂರಾದ್ರೂ ಇರುತ್ತೆ.” “ನಿನಗೆ ಬೇಕಾದ್ರೆ ನೀನಾಗು ಹೋಗು, ಅವಳ್ಯಾಕೆ ಆಗ್ಬೇಕು?” ಗ್ರೂಶಾ ಪೆಟ್ಟಿಗೆ ಎತ್ತಿಕೊಂಡು ಹೊರಟಾಗ ಅಷ್ಟೂ ಜನ ಉಸಿರು ಬಿಡುತ್ತಾರೆ. ಒಮ್ಮೆ ನಾನು ಬರಹವನ್ನೂ ಕುಮ್ರಿಯಕ್ಕನ ಮಾತನ್ನೂ ಹೋಲಿಸುತ್ತ ಕೂತಿದ್ದೆ. ಬರಹದಲ್ಲಿ ‘ಇಲ್ಲ’ ಎಂದಷ್ಟೇ ಇತ್ತು. ಪರದೆಯ ಹಿಂದಿನಿಂದ ಬಂದದ್ದು ‘ಇಲ್ಲ ಕಣೋ ಹೊಟ್ಟೆಬಾಕ, ನಿನ್ನ ಕೋಣೆ ನೀನೇ ಇಟ್ಕೋ.’

“ಚಿತ್ರದಲ್ಲಿ ಇದ್ದಷ್ಟೇ ಹೇಳೋದು ನಾನು,” ಎಂದು ಕುಮ್ರಿಯಕ್ಕ ಗಂಭೀರವಾಗಿ ಹೇಳುತ್ತಾರೆ. ಆಮೇಲೆ ತಡೆಯಲಾರದೆ, “ಬೈಗುಳ ಒಂದೆರಡು ನಂದು,” ಎನ್ನುತ್ತಾರೆ.

ಇಷ್ಟು ಸುಸೂತ್ರವಾಗಿ ನಡೆಯುತ್ತಿದ್ದ ಕೆಲಸಕ್ಕೆ ಫೆಬ್ರವರಿಯಲ್ಲಿ ಕುತ್ತು ಬಂತು. ಮೇಲಿನ ಕಚೇರಿಯಿಂದ ಒಂದು ಆಜ್ಞೆ: ಸಿನಿಮಾ ಬರಹ ಓದಿ ಹೇಳುವವರೆಲ್ಲ ಅಕ್ಷರಪರೀಕ್ಷೆ ಪಾಸಾಗಿ ಪ್ರಮಾಣಪತ್ರ ತರಬೇಕು. ಇಲ್ಲವಾದರೆ ಶಿಕ್ಷಕರ ಶಾಲೆಯಿಂದ ಒಬ್ಬ ಗಂಡಸನ್ನು ಕಳಿಸುತ್ತಾರೆ. ಹಳೇ ಪೇಟೆಯ ಯಾವ ಮನೆಯವರೂ ಪ್ರಾಯದ ಗಂಡಸು ಎದುರು ನಿಂತು ಓದುವ ಹಜಾರಕ್ಕೆ ಹೆಂಗಸರನ್ನು ಕಳಿಸುವುದಿಲ್ಲ. ಅಂದರೆ ಕುಮ್ರಿಯಕ್ಕ ನಪಾಸಾದರೆ ಶುಕ್ರವಾರದ ಆಟವೂ ನಿಂತಂತೆ, ಅವರು ಕೊಪ್ಪರಿಗೆಗೆ ಮರಳಿದಂತೆ. ಇದು ಅವರಿಗೂ ಗೊತ್ತಿತ್ತು, ಆದರೆ ಹೆದರಿಕೆ ಮಾತ್ರ ಕಾಣಲಿಲ್ಲ. ಓದುವುದೇ ಕೆಲಸವಾದವಳಿಗೆ ಓದಿ ತೋರಿಸುವುದೇನು ಕಷ್ಟ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮಾರ್ಚ್ ಕೊನೆಯ ಸೋಮವಾರ ಜೊತೆಗೆ ನಾನೂ ಹೋಗುತ್ತೇನೆ. ಪರೀಕ್ಷಕರು ನಿಕಾಂದರ್ ಪಾಂಫಿಲೊವಿಚ್ ಎಂಬ ವಯಸ್ಸಾದ ಮೇಷ್ಟ್ರು. ಒಳ್ಳೆಯ ಮನುಷ್ಯರೇ, ಆದರೆ ಕಂಡದ್ದನ್ನು ಬಿಟ್ಟು ಬೇರೇನೂ ಬರೆಯುವವರಲ್ಲ. ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಮುಸುಕು ಹಾಕಿಕೊಂಡು ಎದುರು ಕೂತ ಕುಮ್ರಿಯಕ್ಕನ ಕಡೆ ಮೊದಲನೇ ತರಗತಿಯ ಪುಸ್ತಕ ಸರಿಸುತ್ತಾರೆ. ದೊಡ್ಡ ಅಕ್ಷರ, ಪುಟಕ್ಕೆ ನಾಲ್ಕೇ ಸಾಲು. ಕುಮ್ರಿಯಕ್ಕ ನೋಡುತ್ತಾರೆ. ಪುಸ್ತಕವನ್ನು ಓರೆ ಮಾಡುತ್ತಾರೆ, ತಲೆಕೆಳಗು ಮಾಡುತ್ತಾರೆ.

“ಮುಸುಕು ಎತ್ಕೊಂಡು ಓದಮ್ಮ,” ಎನ್ನುತ್ತಾರೆ ಮೇಷ್ಟ್ರು.

“ಮುಸುಕಿನ ತಪ್ಪಲ್ಲ ಮೇಷ್ಟ್ರೇ, ಒಳಗಿಂದ ಎಲ್ಲಾ ಕಾಣುತ್ತೆ. ಇದು ಯಾವ ಭಾಷೆ?”

“ರಷ್ಯನ್.”

“ಅಲ್ಲ,” ಎನ್ನುತ್ತಾರೆ ಕುಮ್ರಿಯಕ್ಕ. “ರಷ್ಯನ್ ನಂಗೆ ಗೊತ್ತು. ಇದು ಅಂಗಡಿ ಬೋರ್ಡಿನ ಭಾಷೆ, ಅರ್ಮೇನಿಯದವರದು.”

ಮೇಷ್ಟ್ರು ನನ್ನ ಮುಖ ನೋಡುತ್ತಾರೆ. ನನಗೆ ನಾಚಿಕೆಯೂ ಭಯವೂ ಒಟ್ಟಿಗೇ ಆಗುತ್ತದೆ. ಒಂದೂವರೆ ವರ್ಷ ಈ ಹೆಂಗಸು ನಮ್ಮೆಲ್ಲರನ್ನೂ ನಂಬಿಸಿದರೇ? ನಲವತ್ತಕ್ಕೂ ಹೆಚ್ಚು ಬಾರಿ ಕಂಡ ಚಿತ್ರವನ್ನು ಬಾಯಿಪಾಠ ಮಾಡುವುದು ದೊಡ್ಡ ಮಾತೇನಲ್ಲ. ಮೇಷ್ಟ್ರಿಗೂ ಅದೇ ಅನುಮಾನ ಬಂದಿದೆ. “ಗಿಣಿಪಾಠ ಅಂತ ಕಾಣುತ್ತೆ ಪಾಪ,” ಎಂದು ನನಗಷ್ಟೇ ಕೇಳುವಂತೆ ಹೇಳಿ, ಒಂದು ತೆಳು ಕಾಗದ ತೆಗೆದುಕೊಂಡು ತಮ್ಮ ತೀರ್ಮಾನ ಬರೆಯತೊಡಗುತ್ತಾರೆ. ಕುಮ್ರಿಯಕ್ಕ ಬಿಳಿಚಿದ ಬೆರಳಿನಿಂದ ಪುಸ್ತಕದ ಇನ್ನೊಂದು ಪುಟ ತಿರುವುತ್ತಾರೆ.

ಬರೆದು ಮುಗಿಸಿ, ಶಾಯಿ ಆರಲೆಂದು ಮೇಷ್ಟ್ರು ಹಾಳೆಯನ್ನು ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿಯುತ್ತಾರೆ. ಬರಹದ ಮುಖ ಅವರ ಕಡೆಗೆ, ಬೆನ್ನು ನಮ್ಮ ಕಡೆಗೆ.

ಮುಸುಕಿನ ಒಳಗಿಂದ ದನಿ ಬರುತ್ತದೆ. ಎಲ್ಲಿಯೂ ತಡವರಿಸದ, ಗ್ರೂಶಾಳ ಎಂಟನೇ ಮೇಜಿನ ಗುಮಾಸ್ತನ ದನಿ. “ನಾಗರಿಕ ಮಹಿಳೆ ಕುಮ್ರಿ, ಮೂವತ್ತೆಂಟು ವರ್ಷ. ಪರೀಕ್ಷಿಸಲಾಯಿತು. ಅಕ್ಷರಜ್ಞಾನ ಇಲ್ಲ. ಓದುವ ಕೆಲಸಕ್ಕೆ ತಕ್ಕವಳಲ್ಲ.” ಮೊದಲು ರಷ್ಯನ್ನಿನಲ್ಲಿ ಹೇಳಿ, ಅಭ್ಯಾಸಬಲದಿಂದ ಅದನ್ನೇ ನಮ್ಮ ಮಾತಿನಲ್ಲೂ ಹೇಳುತ್ತಾರೆ.

ಮೇಷ್ಟ್ರ ಕೈ ಎತ್ತಿದಲ್ಲೇ ನಿಂತಿದೆ. ಅವರು ಹಾಳೆಯನ್ನು ನೋಡುತ್ತಾರೆ, ತಿರುಗಿಸಿ ಬೆನ್ನು ನೋಡುತ್ತಾರೆ, ಮತ್ತೆ ಕುಮ್ರಿಯಕ್ಕನನ್ನು ನೋಡುತ್ತಾರೆ. ನನಗೆ ಆಗ ಹೊಳೆಯಿತು. ಬಟ್ಟೆಯ ಹಿಂದೆ ಕೂತವರಿಗೆ ಅಕ್ಷರಗಳೆಲ್ಲ ಉಲ್ಟಾ ಕಾಣುತ್ತವೆ, ಬಲದಿಂದ ಎಡಕ್ಕೆ ಸಾಗುತ್ತವೆ. ಕುರಾನಿನ ಅಕ್ಷರ ಕಲಿತವರಿಗೆ ಅದು ಸಹಜವಾಗಿಯೇ ಕಂಡಿದೆ; ರಷ್ಯನ್ನರೂ ನಮ್ಮ ಹಾಗೆಯೇ ಬರೆಯುತ್ತಾರೆ ಎಂದುಕೊಂಡು ಈ ಹೆಂಗಸು ಇಡೀ ಭಾಷೆಯನ್ನು ಬೆನ್ನಿನ ಕಡೆಯಿಂದ ಕಲಿತಿದ್ದಾರೆ.

“ಮೇಷ್ಟ್ರೇ,” ಎನ್ನುತ್ತಾರೆ ಕುಮ್ರಿಯಕ್ಕ, “ಕೊನೇ ಸಾಲು ಇನ್ನೂ ಒದ್ದೆ ಇದೆ. ಒಣಗೋಕೆ ಮುಂಚೆ ಇನ್ನೊಂದ್ಸಲ ಯೋಚ್ನೆ ಮಾಡಿ.”

ನಿಕಾಂದರ್ ಪಾಂಫಿಲೊವಿಚ್ ನಗುವವರಲ್ಲ ಎಂದು ಊರಿಗೆಲ್ಲ ಹೆಸರು. ಅಂದು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಆ ಹಾಳೆ ಹರಿದು ಹಾಕಿ, ಇನ್ನೂ ಎರಡು ತೆಳು ಹಾಳೆಯಲ್ಲಿ ಹವಾಮಾನ, ರೈಲಿನ ವೇಳೆ ಬರೆದು ಕಿಟಕಿಗೆ ಹಿಡಿದು ಓದಿಸಿದರು; ಜೇಬಿನಲ್ಲಿದ್ದ ವೈದ್ಯರ ಔಷಧಿ ಚೀಟಿಯನ್ನೂ ಹಿಡಿದರು. ಕುಮ್ರಿಯಕ್ಕ ಎಲ್ಲವನ್ನೂ ಓದಿದರು. ಔಷಧಿ ಚೀಟಿಯ ಅರ್ಧ ತಮಗೇ ತಿಳಿಯುತ್ತಿರಲಿಲ್ಲ ಎಂದು ಮೇಷ್ಟ್ರು ಒಪ್ಪಿಕೊಂಡರು. ಪ್ರಮಾಣಪತ್ರ ಸಿಕ್ಕಿತು, ಒಂದು ಷರತ್ತಿನೊಂದಿಗೆ: ಹತ್ತಿ ಬಿಡಿಸುವ ಕಾಲಕ್ಕೆ ಮುಂದಿನಿಂದಲೂ ಓದಲು ಕಲಿತಿರಬೇಕು.

ಹಾಗಾಗಿ ಈಗ ವಾರಕ್ಕೆ ಮೂರು ಸಂಜೆ ಕುಂಬಾರರ ಗಲ್ಲಿಗೆ ಹೋಗಿ ಪಾಠ ಹೇಳುತ್ತೇನೆ. ಕುಮ್ರಿಯಕ್ಕನಿಗೆ ಅಕ್ಷರಗಳೆಲ್ಲ ಅಂಗಿ ಒಳಹೊರಗು ಹಾಕಿಕೊಂಡಂತೆ ಕಾಣುತ್ತವಂತೆ. ಅಷ್ಟರಲ್ಲಿ ತಮ್ಮ ಮದುವೆಯ ಕೈಗನ್ನಡಿಯಲ್ಲಿ ಎಲ್ಲ ಬರಹವೂ ಸರಿಯಾಗಿ ಕಾಣುತ್ತದೆ ಎಂದು ಕಂಡುಕೊಂಡಿದ್ದಾರೆ. ಪೇಟೆಯಲ್ಲಿ ಅಂಗಡಿಗೆ ಬೆನ್ನು ಮಾಡಿ ನಿಂತು, ಮುಸುಕಿನ ಮುಂದೆ ಕನ್ನಡಿ ಹಿಡಿದು “ಸಾಬೂನು, ಸೀಮೆಎಣ್ಣೆ, ಮೊಳೆ” ಎಂದು ಬೋರ್ಡು ಓದುತ್ತಾರೆ. ಮುಸುಕು ಹಾಕಿಕೊಂಡು ಅಲಂಕಾರ ನೋಡಿಕೊಳ್ಳುವ ಹೆಂಗಸು ಎಂದು ಪೇಟೆಯವರು ನಗುತ್ತಾರೆ.

ಇನೋಯತ್ ಬೂವಿಗೆ ಇದೆಲ್ಲದರಲ್ಲಿ ಖುಷಿ ಕೊಟ್ಟದ್ದು ಒಂದೇ. “ಗ್ರೂಶಾ ಎಡಗೈಯವಳು ಅಂತ ಆರು ತಿಂಗಳು ನನ್ನ ತಲೆ ತಿಂದ್ಳು,” ಎನ್ನುತ್ತಾರೆ. “ಬಲಗೈಲೇ ಉಜ್ತಾಳೆ ಕಣೇ ಅಂದ್ರೆ, ನಿಮಗೆ ಕಣ್ಣು ಮಂಜು ಅಂತ ನಂಗೇ ತಿರುಗಿ ಹೇಳ್ತಿದ್ಳು. ಈಗ ಹೇಳಮ್ಮ, ಯಾರ ಕಣ್ಣು ಮಂಜು?”

“ಆಯ್ತು ಅತ್ತೆ, ನಿಮ್ದೇ ಸರಿ,” ಎನ್ನುತ್ತಾರೆ ಸೊಸೆ. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದ ಹೇಳುತ್ತಾರೆ: “ಒಂದ್ಸಲ ಮುಂದೆ ಕೂತು ನೋಡ್ಬೇಕು ತಂಗಿ. ಎಲ್ಲರ ಜೊತೆ. ಗ್ರೂಶಾ ಮುಖ ಸರಿಯಾಗಿ ಹೇಗಿದೆ ಅಂತ.”

ಇಷ್ಟು ಸಣ್ಣ ಆಸೆಯನ್ನು ತೀರಿಸದಿದ್ದರೆ ನಾನೆಂಥ ಮೇಷ್ಟ್ರಮ್ಮ? ಮುಂದಿನ ಶುಕ್ರವಾರ ಪರದೆಯ ಹಿಂದೆ ನಾನು ಕೂರುತ್ತೇನೆ ಎಂದೆ. ಶಿಕ್ಷಕರ ಶಾಲೆಯಲ್ಲಿ ನಾಲ್ಕು ವರ್ಷ ರಷ್ಯನ್ ಓದಿದ ನನಗೆ ನೂರಾ ಹದಿನೆಂಟು ಬರಹ ಯಾವ ಲೆಕ್ಕ.

ಶುಕ್ರವಾರ ಬಂದಿದೆ. ಹಜಾರ ತುಂಬಿದೆ. ಕುಮ್ರಿಯಕ್ಕ ಅತ್ತೆಯ ಪಕ್ಕದಲ್ಲಿ, ಮೊದಲ ಸಾಲಿನಲ್ಲಿ ಕಿಂಡಿಗೆ ಬೆನ್ನು ಹಾಕಿ ಕೂತಿದ್ದಾರೆ. ಯಂತ್ರದ ಸದ್ದು ಶುರುವಾಗುತ್ತದೆ. ಒದ್ದೆ ಬಟ್ಟೆಯ ಹಿಂದೆ ಕೂತ ನನ್ನ ಎದುರು ಗ್ರೂಶಾ ರೈಲಿನಿಂದ ಇಳಿಯುತ್ತಾಳೆ, ಬಾಯಿ ತೆರೆಯುತ್ತಾಳೆ, ಬರಹ ಮೂಡುತ್ತದೆ. ನನಗೆ ಒಂದಕ್ಷರವೂ ಹತ್ತುವುದಿಲ್ಲ. ಬಲತುದಿಯಿಂದ ಹಿಡಿದು ಒಂದೊಂದೇ ಅಕ್ಷರ ತಿರುಗಿಸಿಕೊಂಡು “ಅ... ಅಣ್ಣಾ... ಇಲ್ಲಿ...” ಎನ್ನುವಷ್ಟರಲ್ಲಿ ಅದು ಮಾಯವಾಗಿ ಗ್ರೂಶಾ ಸ್ಟೇಷನ್ನಿನ ಆಚೆ ಇದ್ದಾಳೆ. ಎರಡನೆಯದು ಬರುತ್ತದೆ, ಹೋಗುತ್ತದೆ. ಮೂರನೆಯದೂ ಹಾಗೇ.

“ಯಾರೇ ಅದು ಹಿಂದೆ? ಗ್ರೂಶಾಗೆ ಬಿಕ್ಕಳಿಕೆ ಬಂತಾ?” ಎಂದು ಒಬ್ಬಳು ಕೂಗುತ್ತಾಳೆ. ಹಜಾರವೆಲ್ಲ ನಗುತ್ತದೆ. “ಪೇಪರಿನವರನ್ನು ಕೂರಿಸಿದ್ದಾರಂತೆ, ಅದಕ್ಕೇ ಸುದ್ದಿ ತಡ,” ಎನ್ನುತ್ತಾಳೆ ಇನ್ನೊಬ್ಬಳು. ನಾಲ್ಕನೇ ಬರಹ ಹೋದಾಗ ಇನೋಯತ್ ಬೂವಿಯ ದನಿ ಎಲ್ಲರಿಗಿಂತ ಮೇಲೆ ಕೇಳುತ್ತದೆ. “ಏ ಸೊಸೆ, ಕೂತು ನೋಡಿದ್ದು ಸಾಕು. ಏಳು, ಹೋಗು.”

ಪರದೆಯ ಅಂಚು ಸರಿಯುತ್ತದೆ. ಕುಮ್ರಿಯಕ್ಕ ಬಗ್ಗಿ ಒಳಗೆ ಬರುತ್ತಾರೆ. ಬೆಳಕಿನಲ್ಲಿ ಅವರ ಮುಖ ಕಾಣುತ್ತದೆ. ಬೇಸರವಿಲ್ಲ, ಸಿಟ್ಟಿಲ್ಲ, ಒಂಥರಾ ಅವಸರವಿದೆ.

“ಎಷ್ಟು ಹೋಯ್ತು?” ಎಂದು ಕೇಳುತ್ತಾರೆ.

“ನಾಲ್ಕು,” ಎನ್ನುತ್ತೇನೆ. ನನಗೆ ತಲೆ ಎತ್ತಲೂ ಆಗುತ್ತಿಲ್ಲ.

“ಪಾಪ, ನಾಲ್ಕು ಸಲ ಬಾಯಿ ತೆಗೆದ್ಲು, ಒಂದು ಮಾತೂ ಆಚೆ ಬರ್ಲಿಲ್ಲ ಅವಳಿಗೆ,” ಎನ್ನುತ್ತಾರೆ ಕುಮ್ರಿಯಕ್ಕ. “ಜರುಗು ತಂಗಿ.”